ಮಳೆಯ ಜಾಡಿನಲ್ಲಿ ಎಮು: ಒಣನಾಡಿನ ಹಾರಲಾರದ ಹಕ್ಕಿಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಆಸ್ಟ್ರೇಲಿಯಾದ ಒಳನಾಡಿನ ಎಮುಗಳನ್ನು ಮುಖ್ಯವಾಗಿಟ್ಟುಕೊಂಡು, ಆಫ್ರಿಕಾದ ಉಷ್ಟ್ರಪಕ್ಷಿಯನ್ನು ಹೋಲಿಕೆಗಾಗಿ ತಂದುಕೊಂಡು, ಒಣನಾಡಿನ ಪರಿಸರವು ಈ ಹಕ್ಕಿಗಳ ಸಂಖ್ಯೆ, ನೆಲೆ ಮತ್ತು ಬದುಕಿನ ರೀತಿಯನ್ನು ಹೇಗೆ ರೂಪಿಸಿದೆ ಎಂಬ ಪ್ರಶ್ನೆಗಳಿಗೆ ಇಲ್ಲಿ ಉತ್ತರ ನೀಡಲಾಗಿದೆ. ಸಾಕಣೆಯ ವಿಚಾರ ಅಗತ್ಯವಿದ್ದಷ್ಟು ಮಾತ್ರ ಬರುತ್ತದೆ.

ಒಣನಾಡಿನ ದೊಡ್ಡ ಹಾರಲಾರದ ಹಕ್ಕಿಗಳು ಯಾವುವು?

ಆಫ್ರಿಕಾದಲ್ಲಿ ಉಷ್ಟ್ರಪಕ್ಷಿ, ಆಸ್ಟ್ರೇಲಿಯಾದಲ್ಲಿ ಎಮು, ದಕ್ಷಿಣ ಅಮೆರಿಕದಲ್ಲಿ ರಿಯಾ. ಕ್ಯಾಸೊವರಿ ಇವುಗಳ ಬಂಧುವಾದರೂ ಅದು ಮಳೆಕಾಡಿನ ಹಕ್ಕಿ, ಆದ್ದರಿಂದ ಇಲ್ಲಿಗೆ ಸೇರುವುದಿಲ್ಲ. ಎಮು ಒಂದೂವರೆಯಿಂದ ಎರಡು ಮೀಟರ್‌ನ ಒಳಗೆ ಬೆಳೆಯುತ್ತದೆ. ದೇಹದ ತೂಕ ಸಾಮಾನ್ಯವಾಗಿ 30ರಿಂದ 45 ಕಿಲೋ. ಓಟದ ವೇಗ ಗಂಟೆಗೆ ಸುಮಾರು 50 ಕಿಲೋಮೀಟರ್. ಉಷ್ಟ್ರಪಕ್ಷಿಯ ತೂಕ ನೂರು ಕಿಲೋ ದಾಟುತ್ತದೆ, ಓಟ ಗಂಟೆಗೆ 70 ಕಿಲೋಮೀಟರ್ ಮುಟ್ಟುತ್ತದೆ.

ಎಮುಗಳ ಸಂಖ್ಯೆಯನ್ನು ಮುಖ್ಯವಾಗಿ ನಿರ್ಧರಿಸುವುದು ಯಾವುದು?

ಮಳೆ. ಆದರೆ ನಮ್ಮಲ್ಲಿ ಮುಂಗಾರು ಎಂದಾಗ ಮನಸ್ಸಿಗೆ ಬರುವಂಥ, ಹೆಚ್ಚುಕಡಿಮೆ ಕಾಲಕ್ಕೆ ಸರಿಯಾಗಿ ಬರುವ ಮಳೆಯಲ್ಲ. ಆಸ್ಟ್ರೇಲಿಯಾದ ಒಳನಾಡಿನಲ್ಲಿ ಒಂದು ವರ್ಷ ಸುರಿದ ಮಳೆ ಮುಂದಿನ ಮೂರು ವರ್ಷ ಮುಖ ತೋರಿಸದೆ ಇರಬಹುದು. ಎಲ್ ನಿನೊ ಮತ್ತು ಲಾ ನಿನಾ ಎಂಬ, ಪೆಸಿಫಿಕ್ ಸಾಗರದ ಉಷ್ಣತೆಯ ಏರುಪೇರುಗಳು ಅಲ್ಲಿನ ಬರ ಮತ್ತು ಸಮೃದ್ಧಿಯನ್ನು ಬಹುಮಟ್ಟಿಗೆ ಆಳುತ್ತವೆ.

ಇದರಲ್ಲಿ ಒಂದು ಸೂಕ್ಷ್ಮವಿದೆ. ಎಮು ಚಿಗುರು, ಹೂ, ಹಣ್ಣು, ಬೀಜ ಮತ್ತು ಹುಳುಹುಪ್ಪಟೆಗಳನ್ನು ತಿನ್ನುತ್ತದೆಯೇ ಹೊರತು ಒಣಗಿದ ಹುಲ್ಲನ್ನಾಗಲಿ ಬಲಿತ ಎಲೆಯನ್ನಾಗಲಿ ಮುಟ್ಟುವುದಿಲ್ಲ. ಹಾಗಾಗಿ ದನಗಳಿಗೆ ಸಾಕಷ್ಟು ಮೇವಿದೆ ಎಂದು ದನಗಾಹಿ ಸಮಾಧಾನಪಟ್ಟುಕೊಳ್ಳುವ ಬಯಲು ಎಮುವಿನ ಪಾಲಿಗೆ ಖಾಲಿ ನೆಲವಾಗಿರಬಹುದು. ಮಳೆ ಬಿದ್ದ ಕೆಲವು ವಾರಗಳಲ್ಲಿ ಏಳುವ ಎಳೆ ಸಸ್ಯಗಳು, ಅವುಗಳ ಮೇಲೆ ಹೇರಳವಾಗಿ ಹುಟ್ಟುವ ಕಂಬಳಿಹುಳುಗಳು ಮತ್ತು ಮಿಡತೆಗಳೇ ಅದರ ಸುಗ್ಗಿ. ಆ ಸುಗ್ಗಿಯಲ್ಲಿ ಅದು ಚರ್ಮದ ಕೆಳಗೆ ಅಪಾರ ಕೊಬ್ಬು ಕೂಡಿಡುತ್ತದೆ. ಬರದ ತಿಂಗಳುಗಳನ್ನು ದಾಟಿಸುವುದೂ, ಗಂಡು ಎಮು ಕಾವು ಕೂರಲು ಶಕ್ತಿ ಕೊಡುವುದೂ ಇದೇ ಕೊಬ್ಬು.

ಒಳ್ಳೆಯ ಮಳೆಯ ಎರಡು ಮೂರು ವರ್ಷಗಳು ಒಟ್ಟಿಗೆ ಬಂದರೆ ಸಂಖ್ಯೆ ಬೇಗನೆ ಏರುತ್ತದೆ, ಏಕೆಂದರೆ ಒಂದೊಂದು ಗೂಡಿನಲ್ಲಿ ಐದರಿಂದ ಹದಿನೈದು ಮೊಟ್ಟೆಗಳಿರುತ್ತವೆ. ಬರ ಬಿದ್ದಾಗ ಇಳಿಯುವುದೂ ಅಷ್ಟೇ ಬೇಗ. ಒಣನಾಡಿನ ಎಮುಗಳಿಗೆ ಸ್ಥಿರವಾದ ಒಂದು ಸಂಖ್ಯೆ ಇದೆ ಎಂದು ಭಾವಿಸುವುದೇ ತಪ್ಪು. ಏರಿಳಿತವೇ ಅವುಗಳ ಸಹಜ ಸ್ಥಿತಿ.

ಎಮುಗಳು ನಿಜವಾಗಿಯೂ ಮಳೆಯನ್ನು ಹಿಂಬಾಲಿಸಿ ಹೋಗುತ್ತವೆಯೇ?

ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಹೌದು, ಮತ್ತು ಸಾಕಷ್ಟು ಕ್ರಮಬದ್ಧವಾಗಿ. ಆ ರಾಜ್ಯದ ಉತ್ತರ ಭಾಗಕ್ಕೆ ಬೇಸಿಗೆಯಲ್ಲಿ ಮಳೆ, ದಕ್ಷಿಣ ಭಾಗಕ್ಕೆ ಚಳಿಗಾಲದಲ್ಲಿ ಮಳೆ. ಎಮುಗಳು ಬೇಸಿಗೆಯಲ್ಲಿ ಉತ್ತರಕ್ಕೂ ಚಳಿಗಾಲದಲ್ಲಿ ದಕ್ಷಿಣಕ್ಕೂ ಸರಿಯುತ್ತವೆ. ಪೂರ್ವ ಆಸ್ಟ್ರೇಲಿಯಾದಲ್ಲಿ ಮಳೆಗೆ ಅಂಥ ಎರಡು ಸ್ಪಷ್ಟ ದಿಕ್ಕುಗಳಿಲ್ಲದ ಕಾರಣ ಅಲ್ಲಿನ ಎಮುಗಳ ಅಲೆದಾಟಕ್ಕೂ ಗೊತ್ತಾದ ದಿಕ್ಕಿಲ್ಲ. ಎಲ್ಲಿ ಹಸಿರಿದೆಯೋ ಅಲ್ಲಿಗೆ ಹೋಗುತ್ತವೆ. ಒಂದೇ ಜಾತಿಯ ಹಕ್ಕಿ ಖಂಡದ ಎರಡು ಬದಿಗಳಲ್ಲಿ ಎರಡು ಬಗೆಯಾಗಿ ನಡೆದುಕೊಳ್ಳುತ್ತದೆ ಎಂಬುದು ಪರಿಸರದ ಪ್ರಭಾವಕ್ಕೆ ಸಿಗುವ ಅತ್ಯಂತ ಶುದ್ಧವಾದ ಸಾಕ್ಷಿ ಎಂದು ನನಗೆ ಅನ್ನಿಸುತ್ತದೆ.

ದೂರದಲ್ಲಿ ಮಳೆಯಾಗಿದೆ ಎಂಬುದನ್ನು ಅವು ಮುಖ್ಯವಾಗಿ ಮಳೆಮೋಡಗಳನ್ನು ನೋಡಿ ತಿಳಿಯುತ್ತವೆ ಎಂಬುದು ಸಂಶೋಧಕರ ಅಭಿಪ್ರಾಯ. ಗುಡುಗಿನ ಸದ್ದು ಮತ್ತು ನೆನೆದ ಮಣ್ಣಿನ ವಾಸನೆ ಕೂಡ ನೆರವಾಗಬಹುದು. ಹೀಗೆ ನಡೆದು ವರ್ಷದೊಳಗೆ ನೂರಾರು ಕಿಲೋಮೀಟರ್ ಸರಿಯುವುದು ಅವುಗಳಿಗೆ ಸಾಮಾನ್ಯ. ರೆಕ್ಕೆ ಕಳೆದುಕೊಂಡ ಹಕ್ಕಿಯ ಪಾಲಿಗೆ ಕಾಲೇ ರೆಕ್ಕೆ. ಆದ್ದರಿಂದ ಒಂದು ಜಿಲ್ಲೆಯಲ್ಲಿ ಎಮುಗಳು ಕಣ್ಮರೆಯಾದವು ಎಂದ ಮಾತ್ರಕ್ಕೆ ಅವು ಸತ್ತವು ಎಂದಾಗಲಿ, ಇನ್ನೊಂದು ಕಡೆ ಸಾವಿರಗಟ್ಟಲೆ ಕಂಡವು ಎಂದ ಮಾತ್ರಕ್ಕೆ ಸಂತತಿ ಹೆಚ್ಚಿತು ಎಂದಾಗಲಿ ತೀರ್ಮಾನಿಸುವಂತಿಲ್ಲ. ಮುಂದಿನ ಹಲವು ಪ್ರಶ್ನೆಗಳಿಗೂ ಇದೇ ಕೀಲಿ.

ನಡುಮಧ್ಯಾಹ್ನದ ಬಿಸಿಲನ್ನು ಅದು ಹೇಗೆ ತಡೆಯುತ್ತದೆ?

ಕಾಂಗರೂಗಳು ನೆರಳು ಹಿಡಿದು ಮಲಗಿರುವ ಹೊತ್ತಿನಲ್ಲಿಯೂ ಎಮು ಬಯಲಿನಲ್ಲಿ ಮೇಯುತ್ತಿರುತ್ತದೆ. ಅದರ ಒಂದು ಗರಿಯನ್ನು ಕೈಯಲ್ಲಿ ಹಿಡಿದು ನೋಡಿದರೆ ಒಂದೇ ಬುಡದಿಂದ ಸಮ ಉದ್ದದ ಎರಡು ಗರಿಗಳು ಹೊರಟಿರುವುದು ಕಾಣುತ್ತದೆ. ಎಳೆಗಳು ಒಂದಕ್ಕೊಂದು ಕೊಂಡಿಹಾಕಿಕೊಳ್ಳದೆ ಸಡಿಲವಾಗಿ ಜೋತಿರುತ್ತವೆ, ತುದಿ ಕಪ್ಪಗಿರುತ್ತದೆ. ಬಿಸಿಲಿನ ಶಾಖವನ್ನು ಈ ಕಪ್ಪು ತುದಿಗಳು ಹೊರಗೇ ಹೀರಿಕೊಂಡು ಗಾಳಿಗೆ ಬಿಟ್ಟುಕೊಡುತ್ತವೆ. ಒಳಪದರದಲ್ಲಿ ಸಿಕ್ಕಿಕೊಂಡಿರುವ ಗಾಳಿ ಆ ಶಾಖ ಚರ್ಮದವರೆಗೆ ಇಳಿಯದಂತೆ ತಡೆಯುತ್ತದೆ. ಇದರ ಮೇಲೂ ಮೈ ಬಿಸಿಯಾದರೆ ಎಮು ಕೊಕ್ಕು ತೆರೆದು ಏದುಸಿರು ಬಿಡುತ್ತದೆ. ಗಾಳಿಯ ಉಷ್ಣತೆ 45 ಡಿಗ್ರಿ ಮುಟ್ಟಿದಾಗಲೂ ಹೀಗೆ ಮೈಯ ಶಾಖವನ್ನು ಹಿಡಿತದಲ್ಲಿಟ್ಟುಕೊಳ್ಳಬಲ್ಲದು.

ಏದುಸಿರಿನಲ್ಲಿ ನೀರು ಖರ್ಚಾಗುತ್ತದೆ. ವಿಚಿತ್ರವೆಂದರೆ, ಮರುಭೂಮಿಯ ಹಕ್ಕಿ ಎಂಬ ಹೆಸರಿದ್ದರೂ ಎಮುವಿನ ಮೂತ್ರಪಿಂಡಗಳು ಮೂತ್ರವನ್ನು ಗಟ್ಟಿಮಾಡುವುದರಲ್ಲಿ ಅಂಥ ಸಮರ್ಥವೇನಲ್ಲ. ಆ ಕೊರತೆಯನ್ನು ಕರುಳಿನ ಕೊನೆಯ ಭಾಗ ತುಂಬಿಕೊಡುತ್ತದೆ. ಹೊರಹೋಗುವ ಮುನ್ನ ನೀರನ್ನು ಅಲ್ಲಿ ಮರಳಿ ಹೀರಿಕೊಳ್ಳಲಾಗುತ್ತದೆ. ಚಳಿಯಲ್ಲಿ ಮೂಗಿನೊಳಗಿನ ಮಡಿಕೆಗಳೂ ಉಸಿರಿನೊಂದಿಗೆ ಹೋಗುವ ತೇವವನ್ನು ಹಿಡಿದಿಟ್ಟುಕೊಳ್ಳುತ್ತವೆ.

ಹಾಗಾದರೆ ನೀರಿಲ್ಲದೆ ಬದುಕಬಲ್ಲದೇ?

ಇಲ್ಲ. ಕೆಲವು ಕಾಲ ತಡೆದುಕೊಳ್ಳಬಲ್ಲದು, ಅಷ್ಟೇ. ಸಿಕ್ಕಾಗ ಹೊಟ್ಟೆ ತುಂಬ ಕುಡಿಯುತ್ತದೆ: ನೀರಿನ ಅಂಚಿಗೆ ಬಂದು, ಸುತ್ತಲೂ ನೋಡಿ, ಅನೇಕ ವೇಳೆ ಕಾಲು ಮಡಚಿ ಕೆಳಗೆ ಕುಳಿತು, ಯಾರೂ ಕದಲಿಸದಿದ್ದರೆ ಹಲವು ನಿಮಿಷ ಬಿಡದೆ ಕುಡಿಯುತ್ತದೆ.

ಇಲ್ಲಿಯೇ ಮನುಷ್ಯ ಪರಿಸರವನ್ನು ಬದಲಿಸಿರುವುದು. ನೈಸರ್ಗಿಕವಾಗಿ ನೀರೇ ಇಲ್ಲದ ಒಳನಾಡಿನ ಭಾಗಗಳಲ್ಲಿ ಎಮುಗಳು ಹಿಂದೆ ಅಪರೂಪವಾಗಿದ್ದವು. ಕುರಿ ಮತ್ತು ದನಗಳಿಗಾಗಿ ಕೊಳವೆಬಾವಿಗಳನ್ನು ಕೊರೆದು, ತೊಟ್ಟಿಗಳನ್ನು ಕಟ್ಟಿದ ಮೇಲೆ ಆ ನೆಲವೂ ಅವುಗಳಿಗೆ ತೆರೆಯಿತು. ಕರಾವಳಿಯಲ್ಲಿ ಊರು ಮತ್ತು ಹೊಲಗಳು ಹಬ್ಬಿ ಎಮುಗಳು ನೆಲೆ ಕಳೆದುಕೊಂಡ ಕಾಲದಲ್ಲಿಯೇ ಒಳನಾಡಿನಲ್ಲಿ ನೆಲೆ ಗಳಿಸಿಕೊಂಡವು. ಬಿಳಿಯರ ವಲಸೆಯಿಂದ ಎಮು ಸೋತಿತೇ ಗೆದ್ದಿತೇ ಎಂದು ಒಂದೇ ಮಾತಿನಲ್ಲಿ ಹೇಳಲು ಬಾರದಿರುವುದು ಇದರಿಂದಲೇ. ಆದರೆ ತೊಟ್ಟಿಯ ನೀರು ಬರವನ್ನು ನೀಗಿಸುವುದಿಲ್ಲ. ನೀರಿನ ಸುತ್ತಲಿನ ಮೇವು ಮುಗಿದ ಮೇಲೆ ಹಕ್ಕಿ ಹಸಿವಿನಿಂದ ಸಾಯುತ್ತದೆ. 2018ರ ಬರದಲ್ಲಿ ನ್ಯೂ ಸೌತ್ ವೇಲ್ಸ್‌ನ ಬ್ರೋಕನ್ ಹಿಲ್ ಪಟ್ಟಣದ ಬೀದಿಗಳಿಗೇ ಎಮುಗಳು ನೀರು ಮತ್ತು ಆಹಾರ ಹುಡುಕಿಕೊಂಡು ಬಂದಿದ್ದವು.

ಪರಿಸರ ಎಮುವನ್ನು ರೂಪಿಸುತ್ತದೆ ಸರಿ. ಎಮು ಪರಿಸರವನ್ನು ರೂಪಿಸುತ್ತದೆಯೇ?

ಬೀಜಗಳ ಮೂಲಕ ರೂಪಿಸುತ್ತದೆ. ಹಣ್ಣನ್ನು ಇಡಿಯಾಗಿ ನುಂಗಿ, ದಿನವಿಡೀ ನಡೆದು, ಬಹುದೂರದಲ್ಲಿ ಹಿಕ್ಕೆಯೊಂದಿಗೆ ಬೀಜವನ್ನು ಹಾಕುವುದರಿಂದ ಕ್ವಾಂಡಾಂಗ್‌ನಂಥ ಒಣನಾಡಿನ ಗಿಡಗಳಿಗೆ ಅದು ಒಳ್ಳೆಯ ವಾಹಕ. ಈ ಗುಣವೇ ಒಮ್ಮೆ ಅದಕ್ಕೆ ಮುಳುವಾಯಿತು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಕ್ವೀನ್ಸ್‌ಲ್ಯಾಂಡ್‌ನ ವಿಶಾಲ ಭೂಮಿಯನ್ನು ಪಾಪಸುಕಳ್ಳಿ ನುಂಗಿಹಾಕಿದಾಗ, ಅದರ ಹಣ್ಣು ತಿಂದು ಬೀಜ ಹರಡುತ್ತವೆ ಎಂಬ ಕಾರಣಕ್ಕೆ ಎಮುಗಳನ್ನು ಕೊಲ್ಲುವವರಿಗೆ ಬಹುಮಾನ ಕೊಡಲಾಯಿತು. ಕೊನೆಗೆ ಕಳ್ಳಿಯನ್ನು ಮಣಿಸಿದ್ದು ಬಂದೂಕಲ್ಲ; ದಕ್ಷಿಣ ಅಮೆರಿಕದಿಂದ ತಂದು ಬಿಟ್ಟ ಕ್ಯಾಕ್ಟೊಬ್ಲಾಸ್ಟಿಸ್ ಎಂಬ ಪತಂಗದ ಹುಳು.

ಚಳಿಗಾಲದಲ್ಲಿ ಮೊಟ್ಟೆಯಿಡುವುದೇಕೆ? ಕಾವು ಕೂರುವುದು ಗಂಡೇಕೆ?

ಡಿಸೆಂಬರ್ ಮತ್ತು ಜನವರಿಯಲ್ಲಿ, ಅಂದರೆ ಅಲ್ಲಿನ ಬೇಸಿಗೆಯಲ್ಲಿ, ಗಂಡು ಹೆಣ್ಣು ಜೋಡಿಯಾಗುತ್ತವೆ. ಹಗಲು ಕುಗ್ಗತೊಡಗಿದ ಮೇಲೆ, ಏಪ್ರಿಲ್‌ನಿಂದ ಜೂನ್‌ವರೆಗೆ, ಹೆಣ್ಣು ಕಡು ಹಸಿರು ಬಣ್ಣದ ಮೊಟ್ಟೆಗಳನ್ನು ಇಡುತ್ತದೆ. ಚಳಿಗಾಲದಲ್ಲಿ ಕಾವು ಮುಗಿದರೆ ಮರಿಗಳು ವಸಂತದ ಚಿಗುರು ಮತ್ತು ಹುಳುಗಳ ಕಾಲಕ್ಕೆ ಸರಿಯಾಗಿ ಹೊರಬರುತ್ತವೆ; ಸುಡುಬೇಸಿಗೆಯಲ್ಲಿ ಎಂಟು ವಾರ ನೀರಿಲ್ಲದೆ ಕೂರುವ ಪಾಡೂ ತಪ್ಪುತ್ತದೆ. ಯಾವಾಗ ಎಂಬುದನ್ನು ಹಗಲಿನ ಉದ್ದ ಹೇಳುತ್ತದೆ, ಎಷ್ಟು ಎಂಬುದನ್ನು ಮಳೆ ಹೇಳುತ್ತದೆ. ಮೈಯಲ್ಲಿ ಕೊಬ್ಬಿಲ್ಲದ ವರ್ಷ ಸಂತಾನವೂ ಕಡಿಮೆ.

ಕಾವಿನ ಸುಮಾರು 56 ದಿನಗಳಲ್ಲಿ ಗಂಡು ಹೆಚ್ಚುಕಡಿಮೆ ಏನನ್ನೂ ತಿನ್ನುವುದಿಲ್ಲ, ಕುಡಿಯುವುದಿಲ್ಲ. ಮೊಟ್ಟೆಗಳನ್ನು ದಿನಕ್ಕೆ ಹಲವು ಬಾರಿ ತಿರುಗಿಸಲಷ್ಟೇ ಏಳುತ್ತದೆ. ಮುಗಿಯುವ ಹೊತ್ತಿಗೆ ದೇಹದ ತೂಕದ ಮೂರನೆಯ ಒಂದು ಭಾಗದಷ್ಟು ಕರಗಿರಬಹುದು. ಹೆಣ್ಣು ಅಷ್ಟರಲ್ಲಿ ಹೊರಟುಹೋಗಿ, ಆಹಾರ ಚೆನ್ನಾಗಿದ್ದರೆ ಇನ್ನೊಂದು ಗಂಡಿನೊಂದಿಗೆ ಮತ್ತೆ ಮೊಟ್ಟೆಯಿಡಬಹುದು. ಒಳ್ಳೆಯ ಮಳೆಯ ವರ್ಷವನ್ನು ಪೂರ್ತಿ ಬಳಸಿಕೊಳ್ಳುವ ವ್ಯವಸ್ಥೆ ಇದು. ಪಟ್ಟೆಪಟ್ಟೆ ಮೈಯ ಮರಿಗಳು ಆರೇಳು ತಿಂಗಳು, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ, ತಂದೆಯ ಜೊತೆಗೇ ಇರುತ್ತವೆ.

ಈ ಕ್ಯಾಲೆಂಡರನ್ನು ಆಸ್ಟ್ರೇಲಿಯಾದ ಮೂಲನಿವಾಸಿಗಳು ಆಕಾಶದಲ್ಲಿ ಓದುತ್ತಿದ್ದರು. ಆಕಾಶಗಂಗೆಯ ಕಪ್ಪು ಭಾಗಗಳಲ್ಲಿ ಅವರು ಒಂದು ಎಮುವನ್ನು ಕಾಣುತ್ತಾರೆ. ನಾವು ತ್ರಿಶಂಕು ಎನ್ನುವ ನಕ್ಷತ್ರಗಳ ಪಕ್ಕದ ಕಪ್ಪು ಮಚ್ಚೆಯೇ ಅದರ ತಲೆ. ಕಾಮಿಲರಾಯ್ ಜನರ ತಿಳಿವಳಿಕೆಯಲ್ಲಿ ಏಪ್ರಿಲ್–ಮೇ ಹೊತ್ತಿಗೆ ಈ ಎಮು ಓಡುತ್ತಿರುವಂತೆ ಕಂಡರೆ ಅದು ಜೋಡಿ ಕೂಡಿ ಮೊಟ್ಟೆಯಿಡುವ ಕಾಲ. ಮುಂದಿನ ತಿಂಗಳುಗಳಲ್ಲಿ ಕಾಲುಗಳು ಕಾಣದಾದರೆ ಗಂಡು ಕಾವಿಗೆ ಕುಳಿತ ಕಾಲ.

ಡಿಂಗೊ ನಾಯಿಗಳು ಎಮುಗಳ ಸಂಖ್ಯೆಯನ್ನು ತಗ್ಗಿಸುತ್ತವೆಯೇ?

ತಗ್ಗಿಸುತ್ತವೆ, ಮತ್ತು ಇದನ್ನು ತೋರಿಸಲು ಯಾರೂ ಯೋಜಿಸದ ಒಂದು ಪ್ರಯೋಗವೇ ಅಲ್ಲಿ ನಡೆದಿದೆ. ಕುರಿಗಳನ್ನು ಕಾಪಾಡಲು ಕಟ್ಟಿದ ಸುಮಾರು 5,600 ಕಿಲೋಮೀಟರ್ ಉದ್ದದ ಡಿಂಗೊ ಬೇಲಿ ದಕ್ಷಿಣ ಆಸ್ಟ್ರೇಲಿಯಾ, ನ್ಯೂ ಸೌತ್ ವೇಲ್ಸ್ ಮತ್ತು ಕ್ವೀನ್ಸ್‌ಲ್ಯಾಂಡ್‌ಗಳ ಮೂಲಕ ಹಾಯುತ್ತದೆ. ಬೇಲಿಯ ಎರಡೂ ಕಡೆ ಮಳೆ ಒಂದೇ, ಹೆಚ್ಚುಕಡಿಮೆ ನೆಲವೂ ಒಂದೇ. ಒಂದು ಕಡೆ ಡಿಂಗೊ ಇದೆ, ಇನ್ನೊಂದು ಕಡೆ ಬಹುತೇಕ ಇಲ್ಲ. 1980ರಲ್ಲಿ ಪ್ರಕಟವಾದ ವೈಮಾನಿಕ ಸಮೀಕ್ಷೆಯೊಂದರಲ್ಲಿ ಡಿಂಗೊ ಇಲ್ಲದ ನ್ಯೂ ಸೌತ್ ವೇಲ್ಸ್ ಬದಿಯಲ್ಲಿ ಎಮುಗಳ ಸಾಂದ್ರತೆ ಇನ್ನೊಂದು ಬದಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಕಂಡಿತು.

ಬೆಳೆದ ಎಮು ಡಿಂಗೊವನ್ನು ಜಿಗಿದು ಒದ್ದು ಎದುರಿಸಬಲ್ಲದು. ಏಟು ಬೀಳುವುದು ಮೊಟ್ಟೆ ಮತ್ತು ಮರಿಗಳ ಮೇಲೆ. ಅವುಗಳಿಗೆ ನರಿ, ದೊಡ್ಡ ಉಡ, ಹದ್ದುಗಳ ಕಾಟವೂ ಇದೆ. ನನ್ನ ತಿಳಿವಳಿಕೆಯಲ್ಲಿ ಮಳೆ ಮತ್ತು ಬೇಟೆಗಾರ ಪ್ರಾಣಿಗಳನ್ನು ಎದುರುಬದುರು ನಿಲ್ಲಿಸಿ ಇದೋ ಅದೋ ಎಂದು ಕೇಳುವುದು ಸರಿಯಲ್ಲ: ಮಳೆ ಎಷ್ಟು ಮರಿಗಳು ಹುಟ್ಟಬಹುದು ಎಂಬುದನ್ನು ಗೊತ್ತುಮಾಡಿದರೆ, ಅವುಗಳಲ್ಲಿ ಎಷ್ಟು ದೊಡ್ಡವಾಗುತ್ತವೆ ಎಂಬುದನ್ನು ಡಿಂಗೊ ಗೊತ್ತುಮಾಡುತ್ತದೆ.

1932ರ 'ಎಮು ಯುದ್ಧ' ಏಕೆ ನಡೆಯಿತು?

ಇದನ್ನು ನಗೆಪಾಟಲಿನ ಕಥೆಯಾಗಿ ಹೇಳುವುದು ರೂಢಿ. ಪಶ್ಚಿಮ ಆಸ್ಟ್ರೇಲಿಯಾದ ಕ್ಯಾಂಪಿಯನ್ ಸುತ್ತಮುತ್ತ ಮೊದಲ ಮಹಾಯುದ್ಧದಿಂದ ಮರಳಿದ ಸೈನಿಕರಿಗೆ ಗೋಧಿ ಬೆಳೆಯಲು ಭೂಮಿ ಕೊಡಲಾಗಿತ್ತು. ಸಂತಾನದ ಕಾಲ ಮುಗಿಸಿ ಒಳನಾಡಿನಿಂದ ಹೊರಟ ಸುಮಾರು 20,000 ಎಮುಗಳು ಆ ಹೊಲಗಳಿಗೆ ಬಂದವು. ಕಾಡು ಕಡಿದು ತೆರೆದ ನೆಲ, ಜಾನುವಾರುಗಳಿಗಾಗಿ ತಂದ ನೀರು, ಅದರ ಜೊತೆಗೆ ಬೆಳೆದು ನಿಂತ ಗೋಧಿ; ಎಮುವಿಗೆ ಇದಕ್ಕಿಂತ ಒಳ್ಳೆಯ ನೆಲೆಯನ್ನು ಯಾರೂ ಯೋಜಿಸಿ ಕಟ್ಟಲಾರರು. ಸರ್ಕಾರ ಮೇಜರ್ ಮೆರೆಡಿತ್ ಎಂಬ ಅಧಿಕಾರಿಯ ಕೈಯಲ್ಲಿ ಎರಡು ಲೂಯಿಸ್ ಮೆಷಿನ್ ಗನ್ ಮತ್ತು 10,000 ಗುಂಡುಗಳನ್ನು ಕೊಟ್ಟು ಕಳಿಸಿತು. ಹಕ್ಕಿಗಳು ಸಣ್ಣ ಗುಂಪುಗಳಾಗಿ ಚದುರಿ ಓಡಿದವು. ಡಿಸೆಂಬರ್‌ನಲ್ಲಿ ಕಾರ್ಯಾಚರಣೆ ನಿಂತಾಗ 9,860 ಗುಂಡುಗಳಿಗೆ 986 ಹಕ್ಕಿಗಳು ಸತ್ತಿವೆ ಎಂದು ಮೆರೆಡಿತ್ ವರದಿ ಮಾಡಿದರು. ಸತ್ತ ಹಕ್ಕಿಗೆ ಹಣ ಕೊಡುವ ಪದ್ಧತಿ ಮಾತ್ರ ಕೆಲಸ ಮಾಡಿತು: 1934ರಲ್ಲಿ ಆರು ತಿಂಗಳಲ್ಲಿ 57,034 ಎಮುಗಳಿಗೆ ಹಣ ಪಾವತಿಯಾಯಿತು.

ಬೇಲಿಗಳಿಂದ ಏನಾಯಿತು?

ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಮೊಲಗಳನ್ನು ತಡೆಯಲು 1901ರಿಂದ 1907ರವರೆಗೆ ಕಟ್ಟಿದ, ಉತ್ತರದಿಂದ ದಕ್ಷಿಣಕ್ಕೆ 1,833 ಕಿಲೋಮೀಟರ್ ಸಾಗುವ ಬೇಲಿ ಮೊಲಗಳನ್ನು ತಡೆಯುವುದರಲ್ಲಿ ಸೋತಿತು, ಎಮುಗಳನ್ನು ತಡೆಯುವುದರಲ್ಲಿ ಗೆದ್ದಿತು. ಅದರ ಒಂದು ಭಾಗವನ್ನು ಇಂದಿಗೂ ಗೋಧಿ ಸೀಮೆಯ ರಕ್ಷಣೆಗಾಗಿ ಕಾಯ್ದುಕೊಂಡಿದ್ದಾರೆ. ಒಳನಾಡಿನಲ್ಲಿ ಬರ ಬಿದ್ದ ವರ್ಷ ನೈಋತ್ಯದ ಕಡೆ ಹೊರಟ ಎಮುಗಳು ಬೇಲಿಯ ಬಳಿ ಸಾವಿರಗಟ್ಟಲೆ ಸೇರಿ, ಮುಂದಕ್ಕೆ ಹೋಗಲಾರದೆ, ಹಿಂದೆ ಮೇವಿಲ್ಲದೆ ಸಾಯುತ್ತವೆ. ಗೋಧಿ ಬೆಳೆಗಾರರ ನಷ್ಟವೂ ಸುಳ್ಳಲ್ಲ. ಆದರೆ ನಡಿಗೆಯನ್ನೇ ಬದುಕಿನ ಉಪಾಯ ಮಾಡಿಕೊಂಡ ಹಕ್ಕಿಗೆ ಬರಕ್ಕಿಂತ ಬೇಲಿಯೇ ಹೆಚ್ಚು ಕ್ರೂರ ಎಂಬುದನ್ನೂ ಒಪ್ಪಬೇಕಾಗುತ್ತದೆ.

ದ್ವೀಪಗಳಲ್ಲಿದ್ದ ಎಮುಗಳು ಚಿಕ್ಕವಾಗಿದ್ದವು ಎಂಬುದು ನಿಜವೇ?

ನಿಜ. ಹಿಮಯುಗದ ಕೊನೆಯಲ್ಲಿ ಸಮುದ್ರ ಏರಿ ಕಿಂಗ್ ದ್ವೀಪ, ಕಾಂಗರೂ ದ್ವೀಪ ಮತ್ತು ಟಾಸ್ಮೇನಿಯಾಗಳು ಬೇರ್ಪಟ್ಟ ಮೇಲೆ ಅಲ್ಲಿ ಉಳಿದ ಎಮುಗಳು ಪೀಳಿಗೆಯಿಂದ ಪೀಳಿಗೆಗೆ ಕುಗ್ಗಿದವು; ದ್ವೀಪ ಚಿಕ್ಕದಾದಷ್ಟೂ ಹಕ್ಕಿ ಚಿಕ್ಕದಾಯಿತು. ಕಿಂಗ್ ದ್ವೀಪದ ಎಮು ಮುಖ್ಯಭೂಮಿಯದರ ಅರ್ಧದಷ್ಟಿತ್ತು. ಮೊಟ್ಟೆ ಮಾತ್ರ ಅಷ್ಟಾಗಿ ಕುಗ್ಗಲಿಲ್ಲ: ಚಳಿ ಮತ್ತು ಆಹಾರದ ಕೊರತೆಯನ್ನು ತಡೆಯಬೇಕಾದರೆ ಮರಿ ಹುಟ್ಟುವಾಗಲೇ ಸಾಕಷ್ಟು ದೊಡ್ಡದಿರಬೇಕಾಗಿತ್ತು. ಸೀಲ್ ಬೇಟೆಗಾರರು ಬಂದ ಕೆಲವೇ ವರ್ಷಗಳಲ್ಲಿ ಕಿಂಗ್ ದ್ವೀಪದ ಎಮು ಮುಗಿದುಹೋಯಿತು. ಆ ಬಗೆಯ ಕೊನೆಯ ಹಕ್ಕಿ 1822ರಲ್ಲಿ ಪ್ಯಾರಿಸ್‌ನಲ್ಲಿ ಸತ್ತಿತು.

ಉಷ್ಟ್ರಪಕ್ಷಿಯ ಕಥೆಯೂ ಇದೇ ಬಗೆಯದೇ?

ಕೆಲವು ಅಂಶಗಳಲ್ಲಿ ಮಾತ್ರ. ನಮೀಬ್ ಮರುಭೂಮಿಯ ಉಷ್ಟ್ರಪಕ್ಷಿಗಳು ಎಮುವಿಗಿಂತ ಒಂದು ಹೆಜ್ಜೆ ಮುಂದೆ ಹೋಗಿ, ಸಸ್ಯಗಳಲ್ಲಿರುವ ತೇವದಿಂದಲೇ ಬಹುಕಾಲ ನೀರಿನ ಅಗತ್ಯವನ್ನು ತೀರಿಸಿಕೊಳ್ಳಬಲ್ಲವು. ಗರಿಯಿಲ್ಲದ ಕತ್ತು ಮತ್ತು ತೊಡೆಗಳಿಂದ ಮೈಯ ಶಾಖವನ್ನು ಹೊರಹಾಕುತ್ತವೆ. ಗೂಡಿನಲ್ಲಿ ಹಗಲು ಮಣ್ಣುಬಣ್ಣದ ಹೆಣ್ಣೂ ರಾತ್ರಿ ಕಪ್ಪು ಬಣ್ಣದ ಗಂಡೂ ಕೂರುವುದು ಬಯಲಿನ ಬೇಟೆಗಾರರ ಕಣ್ಣು ತಪ್ಪಿಸುವ ಉಪಾಯ. ಒಂದೇ ಗೂಡಿನಲ್ಲಿ ಹಲವು ಹೆಣ್ಣುಗಳು ಮೊಟ್ಟೆಯಿಟ್ಟರೂ ಕಾವು ಕೂರುವ ಹಿರಿಯ ಹೆಣ್ಣು ತನ್ನ ಮೊಟ್ಟೆಗಳನ್ನು ಗುರುತಿಸಿ ನಡುವೆ ಇಟ್ಟುಕೊಳ್ಳುತ್ತದೆ, ಹೆಚ್ಚಾದವನ್ನು ಅಂಚಿಗೆ ತಳ್ಳುತ್ತದೆ; ಕೀನ್ಯಾದ ತ್ಸಾವೊದಲ್ಲಿ ಸಂಶೋಧಕ ಬ್ರಯನ್ ಬರ್ಟ್ರಮ್ ಇದನ್ನು ತೋರಿಸಿಕೊಟ್ಟರು. ಅಂಚಿನ ಮೊಟ್ಟೆಗಳನ್ನು ಮೊದಲು ಕಳೆದುಕೊಂಡರೂ ನಡುವಿನವು ಉಳಿಯುತ್ತವೆ. ಕರ್ನಾಟಕದ ಬಂಡೆಬೆಟ್ಟಗಳಲ್ಲೂ ಕಾಣಸಿಗುವ ಬಿಳಿ ರಣಹದ್ದು ಆಫ್ರಿಕಾದಲ್ಲಿ ಕೊಕ್ಕಿನಿಂದ ಕಲ್ಲೆಸೆದು ಈ ದಪ್ಪ ಮೊಟ್ಟೆಗಳನ್ನು ಒಡೆಯುತ್ತದೆ.

ಆದರೆ ಸಹಾರಾದ ಉಷ್ಟ್ರಪಕ್ಷಿಗಳು ಇಲ್ಲವಾದದ್ದಕ್ಕೆ ಹವಾಮಾನವನ್ನಷ್ಟೇ ದೂರುವುದು ನ್ಯಾಯವಲ್ಲ. ಸಹಾರಾ ಹಸಿರಾಗಿದ್ದ ಕಾಲದ ಬಂಡೆಚಿತ್ರಗಳಲ್ಲಿ ಕಾಣುವ ಈ ಹಕ್ಕಿ, ಮರುಭೂಮಿ ಒಣಗಿದ ಸಾವಿರಾರು ವರ್ಷಗಳ ನಂತರವೂ ಅದರ ಅಂಚುಗಳಲ್ಲಿ ಬದುಕಿತ್ತು. ಅದನ್ನು ಮುಗಿಸಿದ್ದು ಬಂದೂಕು ಮತ್ತು ಮೋಟಾರು ವಾಹನ. ಅರೇಬಿಯಾದ ಉಪಜಾತಿ ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಇದೇ ರೀತಿ ನಶಿಸಿತು.

ಭಾರತದಲ್ಲಿ ಇಂಥ ಹಕ್ಕಿಗಳು ಎಂದಾದರೂ ಇದ್ದವೇ?

ಉಷ್ಟ್ರಪಕ್ಷಿ ಇತ್ತು. ರಾಜಸ್ಥಾನ, ಮಧ್ಯಪ್ರದೇಶ ಮತ್ತು ಮಹಾರಾಷ್ಟ್ರಗಳಲ್ಲಿ ಅದರ ಮೊಟ್ಟೆಚಿಪ್ಪಿನ ಚೂರುಗಳು ಸಿಕ್ಕಿವೆ. ಮಹಾರಾಷ್ಟ್ರದ ಪಾಟ್ಣೆಯಲ್ಲಿ ಗೀಚಿದ ಗೆರೆಗಳಿರುವ ಚಿಪ್ಪೂ ದೊರೆತಿದೆ. 2017ರಲ್ಲಿ ಹೈದರಾಬಾದಿನ ಸಿಸಿಎಂಬಿ (ಕೋಶ ಮತ್ತು ಅಣುಜೀವವಿಜ್ಞಾನ ಕೇಂದ್ರ) ಸಂಸ್ಥೆಯ ವಿಜ್ಞಾನಿಗಳೂ ಸೇರಿದ ತಂಡ ಚಿಪ್ಪಿನ ಡಿಎನ್ಎ ಪರೀಕ್ಷಿಸಿ, ಅವು ಆಫ್ರಿಕಾದ ಉಷ್ಟ್ರಪಕ್ಷಿಯ ನಿಕಟ ಬಂಧುಗಳೆಂದೂ ಸುಮಾರು 25,000 ವರ್ಷಗಳ ಹಿಂದೆ ಇಲ್ಲಿದ್ದವೆಂದೂ ತಿಳಿಸಿತು. ಎಮು ಮಾತ್ರ ಎಂದೂ ಇಲ್ಲಿಯದಲ್ಲ. ಕರ್ನಾಟಕವೂ ಸೇರಿ ದಕ್ಷಿಣದ ರಾಜ್ಯಗಳಲ್ಲಿ ರೈತರು ಸಾಕಿದ್ದು ತಂದ ಹಕ್ಕಿಗಳನ್ನು. ಸುಮಾರು 2012ರ ಹೊತ್ತಿಗೆ ಆ ವ್ಯವಹಾರ ಕುಸಿಯಿತು.

ಈಗ ಎಷ್ಟು ಕಾಡು ಎಮುಗಳಿವೆ? ಮುಂದೇನು?

ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ ಪಟ್ಟಿಯಲ್ಲಿ ಎಮು ಅಪಾಯದಲ್ಲಿಲ್ಲದ ಜಾತಿ. ಅಂದಾಜು ಆರರಿಂದ ಏಳು ಲಕ್ಷದ ಆಸುಪಾಸು. ಕಾಂಗರೂಗಳನ್ನು ಎಣಿಸಲು ಹಾರುವ ಸಣ್ಣ ವಿಮಾನಗಳಿಂದಲೇ ಎಮುಗಳನ್ನೂ ಎಣಿಸುವುದು ವಾಡಿಕೆ. ಹಕ್ಕಿಗಳು ಆ ವರ್ಷ ಎಲ್ಲಿಗೆ ಸರಿದಿವೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಒಂದೇ ವರ್ಷದ ಎಣಿಕೆಯನ್ನು ನಂಬಬಾರದು.

ಖಂಡದ ಲೆಕ್ಕ ಚೆನ್ನಾಗಿದ್ದರೂ ಸ್ಥಳೀಯವಾಗಿ ಕಷ್ಟವಿದೆ. ನ್ಯೂ ಸೌತ್ ವೇಲ್ಸ್‌ನ ಉತ್ತರ ಕರಾವಳಿಯ ಎಮುಗಳನ್ನು ಆ ರಾಜ್ಯವೇ ಅಳಿವಿನಂಚಿನ ಸಮುದಾಯವೆಂದು ಘೋಷಿಸಿದೆ. ರಸ್ತೆ, ಕಾಡ್ಗಿಚ್ಚು, ನಾಯಿ, ನರಿ, ಕಾಡುಹಂದಿಗಳ ನಡುವೆ ಅವು ಚೂರುಚೂರಾದ ನೆಲೆಗಳಲ್ಲಿ ಉಳಿದಿವೆ. ನೈಋತ್ಯ ಆಸ್ಟ್ರೇಲಿಯಾದಲ್ಲಿ 1970ರ ದಶಕದಿಂದೀಚೆಗೆ ಚಳಿಗಾಲದ ಮಳೆ ಗಮನಾರ್ಹವಾಗಿ ತಗ್ಗಿದೆ. ಎಮು ಬಿಸಿಲನ್ನು ತಾಳಬಲ್ಲದು. ಆದರೆ ಗಂಡಿನ ಕಾವು ಮತ್ತು ಮರಿಗಳ ಮೊದಲ ಚಿಗುರು ಎರಡೂ ಆ ಚಳಿಗಾಲದ ಮಳೆಯನ್ನೇ ನೆಚ್ಚಿಕೊಂಡಿವೆ, ಮತ್ತು ಒಳನಾಡಿನಿಂದ ತೇವವುಳಿದ ದಕ್ಷಿಣಕ್ಕೆ ಸರಿಯುವ ದಾರಿಯಲ್ಲಿ ಈಗ ಗೋಧಿ ಸೀಮೆಯೂ ಅದರ ಬೇಲಿಯೂ ನಿಂತಿವೆ.